ಅಂಗೈಯಲ್ಲಿ ಒಂದು ಗುಳಿಗೆ

ಅತ್ತೆಯವರ ಮೂತ್ರದ ಬಾಟಲಿಯನ್ನು ಸವಣೂರಿನಿಂದ ಶಿಗ್ಗಾಂವಿಗೆ ಬಸ್ಸಿನಲ್ಲಿ ಒಯ್ಯುವ ಕೆಲಸ ಮದುವೆಯಾದ ಮೂರನೆಯ ವರ್ಷ ನನ್ನ ಪಾಲಿಗೆ ಬಂತು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಸವಣೂರಿನಲ್ಲಿ ಡಾಕ್ಟರು ಇರಲಿಲ್ಲವೆಂದಲ್ಲ. ಸಕ್ಕರೆ ಬೇನೆಗೆ ಶಿಗ್ಗಾಂವಿನ ಡಾಕ್ಟರ ಕೈಗುಣ ಛಲೋ ಎಂದು ಯಾರೋ ಮಾವನವರ ಕಿವಿಗೆ ಹಾಕಿದ್ದರು. ಮಾವ ಮತ್ತು ನನ್ನ ಗಂಡ ಬೆಳಕು ಹರಿಯುವ ಮೊದಲೇ ವೀಳ್ಯದ ಎಲೆತೋಟಕ್ಕೆ ಹೋಗಿಬಿಡುತ್ತಿದ್ದರು. ಅತ್ತೆಯನ್ನೂ ನನ್ನ ಕೈಗೂಸು ಮಗಳನ್ನೂ ಬಿಟ್ಟರೆ ಮನೆಯಲ್ಲಿ ಉಳಿದವಳು ನಾನೊಬ್ಬಳೇ. ಬಾಟಲಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿ, ಅದು ಹೊರಳದಂತೆ ಪಕ್ಕದಲ್ಲಿ ಡಾಕ್ಟರ ಮನೆಗೆಂದು ಕಟ್ಟಿಸಿದ, ನಮ್ಮೂರಿನ ಕರಿದ ಖಾರದ ಪೊಟ್ಟಣ ಇಡುತ್ತಿದ್ದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಹೆಂಗಸರು, "ಏನವಾ, ಕುಸಬಿ ಎಣ್ಣಿ ಒಯ್ಯಾಕತ್ತಿಯೇನು?" ಎಂದು ಕೇಳಿದರೆ "ಹೌದ್ರಿ" ಎನ್ನುತ್ತಿದ್ದೆ. ಇನ್ನೇನು ಹೇಳಲಿ?

ಡಾಕ್ಟರು ಗಾಜಿನ ನಳಿಕೆಯಲ್ಲಿ ನೀಲಿ ಬಣ್ಣದ ಔಷಧ ಹಾಕಿ, ಅದಕ್ಕೆ ನಾನು ತಂದದ್ದನ್ನು ನಾಲ್ಕು ಹನಿ ಬಿಟ್ಟು, ಸಣ್ಣ ದೀಪದ ಮೇಲೆ ಹಿಡಿದು ಕುದಿಸುತ್ತಿದ್ದರು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲವೆಂದು ಅರ್ಥ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಹೆಚ್ಚು, ಇಟ್ಟಂಗಿಯ ಬಣ್ಣಕ್ಕೆ ತಿರುಗಿದರೆ ಕೇಳುವುದೇ ಬೇಡ. ಅತ್ತೆಯವರದು ಪ್ರತಿ ಸಲವೂ ಇಟ್ಟಂಗಿ. ನಳಿಕೆಯ ತಳದಲ್ಲಿ ಕೆಂಪು ಮಡ್ಡಿ ಕೂಡುತ್ತಿತ್ತು.

ಅತ್ತೆ ಎತ್ತರದ, ತೆಳ್ಳನೆಯ ಹೆಂಗಸು. ಮಾತು ಕಡಿಮೆ. ನಾನು ಹಿರೇಕೆರೂರು ಕಡೆಯಿಂದ ಬಂದ ಬಾಯಿಬಡುಕಿ, ಮೂಗಿನ ತುದಿಯಲ್ಲಿ ಸಿಟ್ಟು. ನಮ್ಮಿಬ್ಬರಿಗೆ ಹೊಂದಿಕೆಯಾಗುವುದಿಲ್ಲವೆಂದು ಓಣಿಯವರು ಕಾಯುತ್ತಿದ್ದರು, ಅವರಿಗೆ ನಿರಾಸೆಯಾಯಿತು. ಅತ್ತೆ ನನ್ನ ಮಾತನ್ನೆಲ್ಲ ಕೇಳಿಸಿಕೊಂಡು ಕೊನೆಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನನ್ನ ತವರಿನಲ್ಲಿ ಹಾಗೆ ನನ್ನ ಮಾತು ಕೇಳಿದವರು ಯಾರೂ ಇರಲಿಲ್ಲ. ಒಂದೇ ಒಂದು ವಿಷಯದಲ್ಲಿ ಅವರನ್ನು ಜಗ್ಗಿಸಲು ಯಾರಿಗೂ ಆಗುತ್ತಿರಲಿಲ್ಲ. ಲಿಂಗಕ್ಕೆ ಅರ್ಪಿಸದ ವಸ್ತು ಅವರ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಕೊರಳಿನ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು, ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಆಮೇಲೆಯೇ ಒಂದು ಗುಟುಕು ನೀರು. ನೆಗಡಿಗೆ ಶುಂಠಿ ಕಷಾಯ ಮಾಡಿಕೊಟ್ಟರೂ ಮೊದಲು ಕಣ್ಣು ಮುಚ್ಚಿ ಅದನ್ನು ಅರ್ಪಿಸಿಯೇ ಬಾಯಿಗಿಡುತ್ತಿದ್ದರು.

ಮೊದಲ ಸಲ ಅತ್ತೆಯವರೇ ಶಿಗ್ಗಾಂವಿಗೆ ಬಂದಿದ್ದರು. ಡಾಕ್ಟರು ಗುಳಿಗೆ ಬರೆದುಕೊಟ್ಟು, "ಅಮ್ಮಾರ, ಇದು ನಾಕ ದಿನದ ಔಷಧ ಅಲ್ರಿ. ಜೀವ ಇರೋತನಕ ದಿನಾ ತಗೋಬೇಕು, ಒಂದ ದಿನಾನೂ ತಪ್ಪಸಂಗಿಲ್ಲ" ಎಂದರು. ಬಸ್ಸಿನಲ್ಲಿ ಬರುವಾಗ ಅತ್ತೆ, "ಜೀವ ಇರೋತನಕ ದಿನಾ ತಪ್ಪಸದಂಗ ಮಾಡೋದು ನನಗ ಒಂದ ಗೊತ್ತಿತ್ತು, ಪೂಜಾ. ಈಗ ಇದೊಂದು ಬಂತು ನೋಡವಾ" ಎಂದರು. ಮರುದಿನದಿಂದ ಗುಳಿಗೆಯನ್ನು ಸಣ್ಣ ಹಿತ್ತಾಳೆ ಬಟ್ಟಲಲ್ಲಿ ಹಾಕಿ ಪೂಜೆಯ ಸಾಮಾನಿನ ಜೊತೆ ಇಡು ಎಂದು ನನಗೆ ಹೇಳಿದರು. ನಾನು ಇಟ್ಟು ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯುತ್ತಿದ್ದೆ. ಪೂಜೆ ಮುಗಿಸಿ ಬಂದು ಖಾಲಿ ಬಟ್ಟಲು ತೋರಿಸಿ, "ಆತವಾ" ಎನ್ನುತ್ತಿದ್ದರು.

ಮಾವನವರಿಗೆ ಈ ಗುಳಿಗೆಯ ಸಂಸಾರವೇ ಹಿಡಿಸಲಿಲ್ಲ. ಅವರು ಹುಟ್ಟಿದಂದಿನಿಂದ ಮೈಗೆ ಜ್ವರ ಬಂದದ್ದನ್ನು ಒಪ್ಪಿಕೊಂಡವರಲ್ಲ. "ದಿನಾ ಗುಳಿಗಿ ನುಂಗಿ ಬದುಕೋದು ಅದೆಂಥಾ ಬದುಕು?" ಎಂದು ಅಂಗಳದಲ್ಲಿ ನಿಂತು ಯಾರಿಗೂ ಅಲ್ಲದಂತೆ ಹೇಳುತ್ತಿದ್ದರು. ಅತ್ತೆಯ ಜೊತೆ ಅವರು ನೇರವಾಗಿ ಮಾತಾಡಿದ್ದನ್ನು ನಾನು ಕೇಳಿದ್ದೇ ಕಡಿಮೆ. ಒಳಗೆ ಅತ್ತೆ, ಹೊರಗೆ ಅವರು, ನಡುವೆ ಹೊಸ್ತಿಲಲ್ಲಿ ನಾನು. "ನಿಮ್ಮತ್ತಿಗೆ ಹೇಳು, ಇವತ್ತ ಮಂದಿ ಊಟಕ್ಕ ಬರ್ತಾರ" ಎನ್ನುವರು. ಅತ್ತೆ ಎರಡು ಮಾರು ದೂರದಲ್ಲೇ ನಿಂತು ಕೇಳಿಸಿಕೊಂಡು, "ಆಗಲಿ ಅಂತ ಹೇಳು" ಎನ್ನುವರು. ಮಾವ ಮೊದಲು ಒಬ್ಬರೇ ಉಣ್ಣುತ್ತಿದ್ದರು, ಅತ್ತೆ ಎಲ್ಲರದೂ ಆದ ಮೇಲೆ. ಆ ಕಾಲದ ಮನೆಗಳಲ್ಲಿ ಅದು ಹಾಗೆಯೇ ಇತ್ತು. ಯಾರೂ ಅದನ್ನು ದುಃಖವೆಂದು ಕರೆಯುತ್ತಿರಲಿಲ್ಲ.

ಗುಳಿಗೆ ಶುರುವಾಗಿ ತಿಂಗಳುಗಳು ಕಳೆದರೂ ನಳಿಕೆಯ ಬಣ್ಣ ಬದಲಾಗಲಿಲ್ಲ. ಡಾಕ್ಟರು ಒಂದನ್ನು ಎರಡು ಮಾಡಿದರು. ಅದಕ್ಕೂ ಜಗ್ಗಲಿಲ್ಲ. ಮೂರು ಮಾಡಿದರು. ಅತ್ತೆ ಮಾತ್ರ ದಿನೇ ದಿನೇ ಇಳಿಯುತ್ತಿದ್ದರು, ರವಿಕೆಯ ತೋಳು ಕೈಯಿಂದ ಜಾರುತ್ತಿತ್ತು. ಅದೇ ಹೊತ್ತಿಗೆ ನಾಗರಪಂಚಮಿ ಬಂತು. ಮನೆಯಲ್ಲಿ ಶೇಂಗಾ ಉಂಡಿ, ತಂಬಿಟ್ಟು, ಎಳ್ಳುಂಡಿ ಎಲ್ಲ ಕಟ್ಟಿ ಡಬ್ಬಿ ತುಂಬಿಸಿದ್ದೆವು. ಹಬ್ಬ ಮುಗಿದ ವಾರದಲ್ಲಿ ನಾನು ಬಾಟಲಿ ಒಯ್ದಾಗ ಡಾಕ್ಟರು ನಳಿಕೆಯನ್ನು ನೋಡಿ, "ಉಂಡಿ ತಿಂದಾರ ಬಿಡವಾ. ವಯಸ್ಸಾದವರು, ಕದ್ದು ತಿಂತಾರ" ಎಂದು ನಕ್ಕರು. ನನಗೆ ಎಲ್ಲಿತ್ತೋ ಸಿಟ್ಟು. "ಕದ್ದು ತಿನ್ನೋ ಮಂದಿ ಅಲ್ರಿ ನಮ್ಮತ್ತಿ. ತಾಟಿಗೆ ನೀಡಾಕಿ ನಾನು. ಡಬ್ಬಿ ಇಳಿಸಾಕಿ ನಾನು. ನಿಮ್ಮ ಗುಳಿಗಿನ ಸರಿ ಇರಲಿಕ್ಕಿಲ್ಲ" ಎಂದುಬಿಟ್ಟೆ. ಕಂಪೌಂಡರ ಕೈಯಲ್ಲಿದ್ದ ಸೀಸೆ ಹಾಗೇ ನಿಂತಿತು. ಡಾಕ್ಟರು ಒಳ್ಳೆಯವರು, ಬೇಸರ ಮಾಡಿಕೊಳ್ಳಲಿಲ್ಲ. ಆ ಸಲ ಖಾರದ ಪೊಟ್ಟಣವನ್ನು ಕೊಡದೆ ವಾಪಸು ತಂದು ನಾವೇ ತಿಂದೆವು.

ಆದರೆ ಡಾಕ್ಟರು ಹೇಳಿದ ಉಂಡಿಯ ಮಾತು ಮಾವನವರಿಗೆ ಹೇಗೋ ತಲುಪಿತು. "ನಿಮ್ಮತ್ತಿಗೆ ಬಾಯಿ ಕಟ್ಟಾಕ ಹೇಳು" ಎಂದರು. ಅತ್ತೆ ಒಳಗೆ ಜೋಳ ಹಸನು ಮಾಡುತ್ತಿದ್ದವರು ಮೊರವನ್ನು ಕೆಳಗಿಟ್ಟರು.  ಆಮೇಲೆ ನನ್ನನ್ನು ಕರೆದು, "ನೀನರ ನಂಬತೀಯಿಲ್ಲ?" ಎಂದು ಕೇಳಿದರು. ನಂಬ್ತೇನಿ ಎಂದೆ. ಅಷ್ಟು ಸಾಕಾಯಿತು ಅವರಿಗೆ, ಮತ್ತೆ ಮೊರ ಎತ್ತಿಕೊಂಡರು.

ಆ ಮಳೆಗಾಲದಲ್ಲೇ ಕಾಲಿನ ಗಾಯ ಆದದ್ದು. ಎಲೆತೋಟದೊಳಗೆ ಚಪ್ಪಲಿ ಮೆಟ್ಟಿ ಹೋಗುವ ಪದ್ಧತಿ ಇಲ್ಲ. ಬುತ್ತಿ ಕೊಡಲು ಹೋದ ಅತ್ತೆಯವರ ಬಲಗಾಲಿನ ಕಿರುಬೆರಳಿಗೆ ಬಳ್ಳಿ ಹಬ್ಬಿಸುವ ಗಿಡದ, ಕಡಿದುಳಿದ ಚೂಪು ಕೂಳೆಯೊಂದು ಚುಚ್ಚಿತು. ಬೇರೆಯವರಿಗಾದರೆ ಅರಿಶಿನ ಮೆತ್ತಿದರೆ ಮುಗಿಯುವ ಗಾಯ. ಇವರಿಗೆ ಆರಲಿಲ್ಲ. ಬೆರಳು ಕಪ್ಪಾಯಿತು, ಪಾದ ಊದಿತು, ಪಟ್ಟಿ ಬಿಚ್ಚಿದರೆ ವಾಸನೆ. ನಾನೇ ದಿನಾ ತೊಳೆದು ಕಟ್ಟುತ್ತಿದ್ದೆ. ಅವರು ಮುಖ ಆ ಕಡೆ ತಿರುಗಿಸಿಕೊಂಡು, "ಸೊಸಿ ಕಡೆಯಿಂದ ಕಾಲ ತೊಳಿಸ್ಕೊಳ್ಳೋ ಪಾಪ ಯಾಕ ಬಂತೋ" ಎನ್ನುತ್ತಿದ್ದರು. ಬಾಡಿಗೆ ಗಾಡಿ ಮಾಡಿ ಶಿಗ್ಗಾಂವಿಗೆ ಕರೆದೊಯ್ದಾಗ ಡಾಕ್ಟರು ಈ ಸಲ ನಗಲಿಲ್ಲ. ನನ್ನನ್ನೂ ನನ್ನ ಗಂಡನನ್ನೂ ಹೊರಗೆ ಕರೆದು ಹೇಳಿದರು. ಸಕ್ಕರೆ ಇಳಿಯದಿದ್ದರೆ ಗಾಯ ಆರುವುದಿಲ್ಲ, ಗಾಯ ಆರದಿದ್ದರೆ ಹುಬ್ಬಳ್ಳಿಗೆ ಒಯ್ದು ಕಾಲು ತೆಗೆಸಬೇಕಾಗುತ್ತದೆ, ದೀಪಾವಳಿಯವರೆಗೆ ನೋಡೋಣ.

ಆ ದಿನ ಬರುವಾಗ ಅತ್ತೆ ಗಾಡಿಯಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದರು. ಅವರ ಭಾರವೇ ನನಗೆ ಗೊತ್ತಾಗಲಿಲ್ಲ. ಇಷ್ಟು ಹಗುರಾದರಲ್ಲ ಎಂದು ದಾರಿಯುದ್ದಕ್ಕೂ ಕಣ್ಣೀರು ಹಾಕಿದೆ.

ಗುಟ್ಟು ಗೊತ್ತಾದದ್ದು ಅದಾದ ಸ್ವಲ್ಪ ದಿನಕ್ಕೆ, ನನ್ನ ಮಗಳ ದೆಸೆಯಿಂದ. ಆಗಷ್ಟೇ ಅಂಬೆಗಾಲಿಡುತ್ತಿದ್ದ ಅವಳು ರೊಟ್ಟಿ ಬಡಿಯುತ್ತಿದ್ದ ನನ್ನ ಕಣ್ಣು ತಪ್ಪಿಸಿ ದೇವರ ಕೋಣೆಗೆ ನುಗ್ಗಿದಳು. ಹಿಟ್ಟು ಮೆತ್ತಿದ ಕೈಯಲ್ಲೇ ಹಿಂದೆ ಓಡಿದೆ. ಅಲ್ಲಿಯವರೆಗೆ ಪೂಜೆಯ ಹೊತ್ತಿನಲ್ಲಿ ನಾನು ಆ ಕೋಣೆಗೆ ಹೋದದ್ದೇ ಇರಲಿಲ್ಲ. ಅತ್ತೆ ಕಣ್ಣು ಅರ್ಧ ಮುಚ್ಚಿ ಕುಳಿತಿದ್ದರು. ಎಡ ಅಂಗೈಯಲ್ಲಿ ಲಿಂಗ. ಲಿಂಗದ ಮಗ್ಗುಲಿಗೆ ಒತ್ತಿಟ್ಟ ಮೂರು ಬಿಳಿ ಗುಳಿಗೆ. ಬಲಗೈಯಿಂದ ತಂಬಿಗೆಯ ನೀರು ಸಣ್ಣ ಧಾರೆಯಾಗಿ ಬೀಳುತ್ತಿತ್ತು, ಗುಳಿಗೆಗಳು ಮೆತ್ತಗಾಗಿ, ಕರಗಿ, ಬೆರಳ ಸಂದಿಯಿಂದ ಹಾಲಿನಂತೆ ಕೆಳಗಿನ ಬಟ್ಟಲಿಗೆ ಇಳಿಯುತ್ತಿದ್ದವು. ಪೂಜೆ ಮುಗಿಸಿ ಅಂಗೈಯಲ್ಲಿ ಉಳಿದ ಚೂರುಪಾರನ್ನು ನಾಲಿಗೆಗೆ ಹಚ್ಚಿಕೊಂಡರು. ಬಟ್ಟಲಿನ ನೀರನ್ನು ಹಿತ್ತಲಿಗೆ ಒಯ್ದು, ಯಾರೂ ತುಳಿಯದ ಜಾಗವೆಂದು, ಪತ್ರಿ ಗಿಡದ ಬುಡಕ್ಕೆ ಹಾಕಿದರು. ಆ ಗಿಡಕ್ಕೆ ಸಕ್ಕರೆ ಬೇನೆ ಇದ್ದಿದ್ದರೆ ಆ ವರ್ಷ ಪೂರಾ ವಾಸಿಯಾಗಿಬಿಡುತ್ತಿತ್ತು.

"ಅತ್ತೀ, ಏನ ಮಾಡಾಕತ್ತೀರಿ ಇದು?" ಎಂದೆ.

"ಗುಳಿಗಿ ತಗೊಂಡೆ" ಎಂದರು, ಬಹಳ ಸಮಾಧಾನದಿಂದ. "ಇದೂ ಹೊಟ್ಟಿಗೆ ಹೋಗೋದ ಹೌದಲ್ಲ. ಲಿಂಗಕ್ಕ ಕೊಡಲಾರದ ಹೆಂಗ ತಗೊಳ್ಳಿ?"

 ನನಗೆ ನಗುವೂ ಬಂತು, ಅಳುವೂ ಬಂತು. ಅವರು ಒಂದು ದಿನವೂ ತಪ್ಪಿಸಿರಲಿಲ್ಲ, ಯಾರಿಗೂ ಸುಳ್ಳು ಹೇಳಿರಲಿಲ್ಲ.

ಅಂದೇ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಶಿಗ್ಗಾಂವಿನ ಬಸ್ಸು ಹತ್ತಿದೆ. ಡಾಕ್ಟರು ಎಲ್ಲ ಕೇಳಿ ಮೊದಲು ಜೋರಾಗಿ ನಕ್ಕರು. ಆಮೇಲೆ ಒಮ್ಮೆಲೇ ನಗು ನಿಲ್ಲಿಸಿ, "ನೀ ಮೊದಲ ಇಲ್ಲಿಗೆ ಬಂದದ್ದು ಛಲೋ ಮಾಡಿದಿ. ಆ ಮೂರೂ ಇಡಿಯಾಗಿ ನುಂಗಿದ್ರ ಸಕ್ಕರಿ ಪೂರಾ ಇಳದು, ಎಚ್ಚರ ತಪ್ಪಿ, ಎಬ್ಬಸಾಕ ಆಗತಿರಲಿಲ್ಲ. ನಾಳೆಯಿಂದ ಒಂದ ಸಾಕು. ಆದರ ಅದು ಒಣಗಿದ್ದು, ಇಡಿಯಾಗಿ ಹೊಟ್ಟಿಗೆ ಹೋಗಬೇಕು. ತಗೊಂಡ ಅರ್ಧಾ ತಾಸಿನ್ಯಾಗ ಊಟ ಮಾಡಸು" ಎಂದರು.

ಒಂದು ಸಾಕು ಎಂದು ಅವರು ಸುಲಭವಾಗಿ ಹೇಳಿದರು. ಆ ಒಂದನ್ನು ಇಡಿಯಾಗಿ ನುಂಗಿಸುವುದೇ ದೊಡ್ಡ ಪಂಚಾಯತಿಯಾಯಿತು. ಪೂಜೆಯಾದ ಮೇಲೆ ತಗೋರಿ ಎಂದರೆ ಅರ್ಪಿಸದೆ ಆಗದು ಎಂದರು. ಹಾಗಾದರೆ ತಾಟಿನಲ್ಲಿಟ್ಟು ಎಡೆ ತೋರಿಸಿದಂತೆ ತೋರಿಸಿ ಎಂದೆ. "ರೊಟ್ಟಿ ಪಲ್ಲೆ ಏನು ಅಂಗೈ ಮ್ಯಾಲ ಇಡತೀರೇನು? ದೂರಿಂದ ತೋರಸಂಗಿಲ್ಲ?" ಎಂದು ವಾದ ಮಾಡಿದೆ.

"ರೊಟ್ಟಿ ಹಸುವಿಗೆ ತಿನ್ನೋದು. ಇದು ನನ್ನ ಜೀವಾ ಹಿಡಿದದ್ದು ಅಂತ ನೀವ ಹೇಳೀರಿ. ಜೀವಾ ಅಂದಮ್ಯಾಲ ಅಂಗೈಯಾಗ ಕೊಡಬೇಕು. ತಾಟಿನ್ಯಾಗಲ್ಲ."

 ಅಂಗೈಯಲ್ಲಿ ಇಟ್ಟರೆ ಪೂಜೆಯ ನೀರಿಗೆ ಕರಗುತ್ತದೆ, ಅಂಗೈಯಲ್ಲಿ ಇಡದಿದ್ದರೆ ಅವರು ನುಂಗುವುದಿಲ್ಲ. ಎರಡು ದಿನ ಗುಳಿಗೆಯೇ ಇಲ್ಲದೆ ಹೋಯಿತು. ಪಟ್ಟಿ ಬಿಚ್ಚಿದರೆ ಬೆರಳಿನ ಕಪ್ಪು ಬಣ್ಣ ಪಾದದ ಕಡೆಗೆ ಏರಿದಂತೆ ಕಂಡಿತು. ಮಾವ ಅಂಗಳದಿಂದ, "ಕಾಲ ಬೇಕೋ ಹಟಾ ಬೇಕೋ ಕೇಳು" ಎಂದರು. ಆ ಮಾತಿನ ಕೊನೆಯಲ್ಲಿ ಅವರ ಧ್ವನಿ ಒಡೆದದ್ದು ನನಗೆ ಕೇಳಿಸಿತು. ಅವರು ತಕ್ಷಣ ಕೆಮ್ಮಿ ಹೊರಗೆ ನಡೆದರು.

ಮೂರನೆಯ ಬೆಳಿಗ್ಗೆ ಪಟ್ಟಿ ಕಟ್ಟುತ್ತಾ ನನ್ನ ಸಿಟ್ಟು ನೆತ್ತಿಗೇರಿತು. "ಅಂಗೈ ಅಂಗೈ ಅಂತೀರಲ್ಲ, ಯಾರ ಅಂಗೈ ಆದ್ರೇನ್ರಿ? ನಾನೂ ಲಿಂಗ ಕಟ್ಟೀನಿ. ನಿಮ್ಮ ಬಾಜೂಕ ನಾ ಕುಂದರತೇನಿ, ನನ್ನ ಅಂಗೈಯಾಗ ಇಟಗೊಂಡು. ನಿಮ್ಮ ಅಂಗೈಗೆ ನೀವು ನೀರ ಹಾಕ್ಕೊರಿ, ನನ್ನ ಅಂಗೈಗೆ ಬ್ಯಾಡ. ಅಲ್ಲಿಂದ ಅರ್ಪಿಸ್ರಿ" ಎಂದೆ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅದು, ಯೋಚಿಸಿ ಹೇಳಿದ್ದಲ್ಲ.

ಅತ್ತೆ ನನ್ನ ಕೈಯನ್ನು ಹಿಡಿದು ತಿರುಗಿಸಿ ಅಂಗೈ ನೋಡಿದರು. ತವೆ ಸುಟ್ಟ ಕಲೆಗಳಿದ್ದ ಕೈ. "ಜಳಕಾ ಮಾಡಿ ಕುಂದರತೀಯಾ?" ಎಂದರು.

"ಮಾಡತೇನ್ರಿ."

"ದಿನಾ?"

"ದಿನಾ."

"ಹಂಗಾರ ಆಗತೈತಿ" ಎಂದರು.

ಹೀಗೆ ಶುರುವಾಯಿತು. ನನ್ನ ಬೆಳಗಿನ ಸಂಸಾರವೆಲ್ಲ ತಲೆಕೆಳಗಾಯಿತು. ಒಲೆ ಹಚ್ಚುವ ಮೊದಲೇ ಸ್ನಾನ. ಹಿಟ್ಟು ನಾದಿಟ್ಟು ಓಡಿ ಬಂದು, ಅತ್ತೆಯ ಎಡಕ್ಕೆ ಚಾಪೆಯ ಮೇಲೆ ಕೂತು, ಅಂಗೈಯಲ್ಲಿ ಗುಳಿಗೆ ಇಟ್ಟುಕೊಂಡು ಕೈ ಚಾಚುತ್ತಿದ್ದೆ. ಮೊದಮೊದಲು ನನಗೆ ಚಡಪಡಿಕೆ. ಹೊರಗೆ ಮಗು ಅಳುತ್ತಿದೆ, ಎಸರು ಉಕ್ಕುತ್ತಿದೆ, ನಾನಿಲ್ಲಿ ಭಿಕ್ಷೆ ಬೇಡುವವಳ ಹಾಗೆ ಕೈ ಚಾಚಿ ಕುಳಿತಿದ್ದೇನೆ. ಬರಬರುತ್ತಾ ಆ ಸ್ವಲ್ಪ ಹೊತ್ತು ನನಗೇ ಬೇಕೆನಿಸತೊಡಗಿತು. ಇಡೀ ದಿನದಲ್ಲಿ ನಾನು ಬಾಯಿ ಮುಚ್ಚಿಕೊಂಡು ಕುಳಿತುಕೊಳ್ಳುತ್ತಿದ್ದುದು ಆಗ ಮಾತ್ರ ಎಂದು ನನ್ನ ಗಂಡ ಗೇಲಿ ಮಾಡುತ್ತಿದ್ದರು. ಪೂಜೆ ಮುಗಿದ ಮೇಲೆ ಅತ್ತೆ ಎರಡು ಬೆರಳಲ್ಲಿ ಗುಳಿಗೆಯನ್ನು ಎತ್ತಿ, ಕಣ್ಣಿಗೊತ್ತಿಕೊಂಡು, ನುಂಗಿ ನೀರು ಕುಡಿಯುತ್ತಿದ್ದರು. ಹಾಗೆ ಎತ್ತುವಾಗ ಅವರ ಬೆರಳ ತುದಿಯ ವಿಭೂತಿ ನನ್ನ ಅಂಗೈಗೆ ಹತ್ತುತ್ತಿತ್ತು. ಅದನ್ನು ಒರೆಸಿಕೊಳ್ಳದೆ ರೊಟ್ಟಿ ಬಡಿಯುತ್ತಿದ್ದೆ.

ನಳಿಕೆಯ ಇಟ್ಟಂಗಿ ಬಣ್ಣ ಹಳದಿಯಾಯಿತು. ದೀಪಾವಳಿಯ ಹೊತ್ತಿಗೆ ಹಸಿರಾಯಿತು. ಕಿರುಬೆರಳಿನ ತುದಿಯನ್ನು ಡಾಕ್ಟರು ತೆಗೆಯಬೇಕಾಯಿತು, ಆದರೆ ಪಾದ ಉಳಿಯಿತು, ಕಾಲು ಉಳಿಯಿತು. ಸಂಕ್ರಾಂತಿಗೆ ಅತ್ತೆ ಕೋಲಿಲ್ಲದೆ ಓಣಿಯ ತುದಿಯವರೆಗೆ ನಡೆದು ಎಳ್ಳು ಕೊಟ್ಟು ಬಂದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಷ್ಟು ಸಂತೋಷ ನನಗೆ ನನ್ನ ಮಗಳು ನಡೆದಾಗಲೂ ಆಗಿರಲಿಲ್ಲ.

ಎಂಬತ್ತರ ದಶಕ ಶುರುವಾದ ಮೇಲೆ ನಾನು ಎರಡನೆಯ ಬಾಣಂತನಕ್ಕೆ ಹಿರೇಕೆರೂರಿಗೆ ಹೋಗಬೇಕಾಯಿತು. ಹೋಗುವುದಿಲ್ಲ, ಇಲ್ಲೇ ಆಗಲಿ ಎಂದೆ. ಅತ್ತೆ ಒಪ್ಪಲಿಲ್ಲ. ತವರಿನ ಬಾಣಂತನ ತಪ್ಪಿಸಿದರೆ ನಿನ್ನ ಅವ್ವನಿಗೆ ನಾನು ಮುಖ ಹೇಗೆ ತೋರಿಸಲಿ ಎಂದರು. ಗಂಡ ತೋಟದ ಎಲೆ ಪೆಂಡಿ ಕಟ್ಟಿಕೊಂಡು ನಸುಕಿನಲ್ಲೇ ಹುಬ್ಬಳ್ಳಿಯ ಬಸ್ಸಿಗೆ ಹೋಗುವವರು. ಹಾಗಾದರೆ ಅಂಗೈ ಯಾರದು? "ನಾ ನೋಡ್ಕೋತೇನಿ, ನೀ ಹೋಗವಾ" ಎಂದರು ಅತ್ತೆ. ಆ ನೋಡ್ಕೋತೇನಿ ಎನ್ನುವ ಮಾತಿನ ಮೇಲೆ ನನಗೆ ಸ್ವಲ್ಪವೂ ನಂಬಿಕೆ ಇರಲಿಲ್ಲ.

ಹಿರೇಕೆರೂರಿನಲ್ಲಿ ಅವ್ವ ಬಿಸಿನೀರು ಹುಯ್ಯುವಾಗಲೂ ನನಗೆ ಅದೇ ಚಿಂತೆ. ಮತ್ತೆ ತಮ್ಮ ಅಂಗೈಯಲ್ಲೇ ಇಟ್ಟುಕೊಂಡು ಕರಗಿಸುತ್ತಿದ್ದಾರೆಯೇ? ಪತ್ರಿ ಗಿಡಕ್ಕೆ ಹಾಕುತ್ತಿದ್ದಾರೆಯೇ? ಸವಣೂರಿನ ಎಲೆ ಅಲ್ಲಿಯ ಸಂತೆಗೂ ಬರುತ್ತಿತ್ತು. ತಂದ ಮನುಷ್ಯನನ್ನು ಕರೆಸಿ ಕೇಳಿದರೆ, "ಎಲ್ಲಾರೂ ಆರಾಮ ಅದಾರ್ರಿ" ಎನ್ನುವನು. "ಕಾಲು?" ಎಂದರೆ, "ಯಾರ ಕಾಲ್ರೀ?" ಎನ್ನುವನು. ಹಸಿ ಬಾಣಂತಿ ಇಷ್ಟು ಯೋಚನೆ ಮಾಡಿದರೆ ಹಾಲು ಬತ್ತುತ್ತದೆ ಎಂದು ಅವ್ವ ಬೈದಳು. ಕೂಸಿಗೆ ಮೂರು ತಿಂಗಳು ತುಂಬುತ್ತಲೇ ಹಟ ಮಾಡಿ ಹೊರಟುಬಿಟ್ಟೆ.

ಸವಣೂರು ಮುಟ್ಟಿದಾಗ ಸಂಜೆಯಾಗಿತ್ತು. ಮೊದಲು ಅತ್ತೆಯವರ ಕಾಲು ನೋಡಿದೆ. ಕೂಸನ್ನು ಅವರ ಮಡಿಲಿಗೆ ಹಾಕುವ ನೆಪದಲ್ಲಿ ಕೆಳಗೆ ಬಗ್ಗಿ ಸೀರೆಯ ಅಂಚು ಸರಿಸಿದೆ. ಅವರು ನಕ್ಕು, "ಬಂದ ಕೂಡಲೆ ತಪಾಸಣಿ" ಎಂದರು. ಕಾಲು ಚೆನ್ನಾಗಿತ್ತು. ಹೇಗೆ ಎಂದು ಕೇಳುವಷ್ಟರಲ್ಲಿ ಓಣಿಯ ಹೆಂಗಸರು ಕೂಸು ನೋಡಲು ಬಂದರು.

ಮರುದಿನ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಒದ್ದೆ ಕೂದಲು ಕಟ್ಟಿಕೊಂಡು ಗುಳಿಗೆಯ ಡಬ್ಬಿಗೆ ಕೈ ಹಾಕಿದರೆ ಡಬ್ಬಿ ಅದರ ಜಾಗದಲ್ಲಿರಲಿಲ್ಲ. ದೇವರ ಕೋಣೆಯ ಬಾಗಿಲಿಗೆ ಬಂದೆ. ಚಾಪೆಯ ಮೇಲೆ ಅತ್ತೆ ಕಣ್ಣು ಮುಚ್ಚಿ ಕುಳಿತಿದ್ದರು. ಅವರ ಎಡಕ್ಕೆ, ಅದೇ ಚಾಪೆಯ ಮೇಲೆ, ಮಾವ. ಮಂಡಿ ಮಡಚಲು ಬಾರದೆ ಒಂದು ಕಾಲು ಚಾಚಿದ್ದರು. ಹೊದ್ದ ಧೋತರದ ಮೇಲೆ ಸ್ನಾನದ ನೀರಿನ್ನೂ ಒಸರುತ್ತಿತ್ತು. ಎಲೆಯ ರಸ ಕುಡಿದು ಕಪ್ಪಾದ ಅವರ ದೊಡ್ಡ ಅಂಗೈಯಲ್ಲಿ ಬಿಳಿ ಗುಳಿಗೆ ಒಂದು.  ಬೀಳಬಾರದೆಂದು ಇನ್ನೊಂದು ಕೈಯನ್ನು ಅದರ ಕೆಳಗೆ ಆಸರೆ ಕೊಟ್ಟು ಹಿಡಿದಿದ್ದರು.

ನಾನು ಬಂದ ಸಪ್ಪಳ ಕೇಳಿ ತಲೆ ಎತ್ತಿದರು. ಸಿಕ್ಕಿಬಿದ್ದವರ ಹಾಗೆ ಮುಖ ಮಾಡಿ, "ನೀ ಕೂಸಿನ್ನ ನೋಡ್ಕೋ ಹೋಗು. ಇಲ್ಲಿ ನಾ ಅದೇನಿ" ಎಂದರು, ಪಿಸುಮಾತಿನಲ್ಲಿ. ತೋಟಕ್ಕೆ ಹೋಗುವ ಹೊತ್ತು ಮೀರಿತ್ತು. ಅವರು ಏಳಲಿಲ್ಲ.

ನನ್ನ ಜಾಗ ಹೋಯಿತಲ್ಲ ಎಂದು ನಿಜವಾಗಿಯೂ ಹೊಟ್ಟೆಕಿಚ್ಚಾಯಿತು. ಅಡುಗೆಮನೆಗೆ ಬಂದು ದಡಬಡ ಪಾತ್ರೆ ಎತ್ತಿಟ್ಟು ಹಿಟ್ಟು ನಾದತೊಡಗಿದೆ. ಸ್ವಲ್ಪ ಹೊತ್ತಿಗೆ ಅತ್ತೆ ಬಂದು ಒಲೆಯ ಮುಂದೆ ಕುಳಿತರು. ನನ್ನ ಮುಖ ನೋಡಿದರು. ಆಮೇಲೆ ಬೆಂಕಿಯನ್ನು ಮುಂದಕ್ಕೆ ತಳ್ಳುತ್ತಾ, ಹೊರಗೆ ಕೇಳಿಸದಂತೆ ಹೇಳಿದರು:

"ಮದಿವಿ ದಿನ ಹಂದರದಾಗ ಒಂದ ಚಾಪಿ ಮ್ಯಾಲ ಕುಂತಿದ್ವಿ. ಅದರಮ್ಯಾಲ ಈಗ ನೋಡು. ಈ ಸಕ್ಕರಿ ಬ್ಯಾನಿ ಬಂದಿದ್ದು ಛಲೋನ ಆತವಾ."

"ಹಂಗ ಅನಬ್ಯಾಡ್ರಿ ಅತ್ತಿ" ಎಂದೆ. ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡೆ. ಪಡಸಾಲೆಯಲ್ಲಿ ಮಾವ ಬೆಳಕಿಗೆ ಬೆನ್ನು ಮಾಡಿ ನಿಂತು, ನಾಳೆಗೆ ಗುಳಿಗೆ ಇದೆಯೋ ಇಲ್ಲವೋ ಎಂದು ಡಬ್ಬಿ ತೆರೆದು ನೋಡುತ್ತಿದ್ದರು.